ರವಿವಾರದ ಚೀಲ

ನೇತ್ರಾ ವೈನಿ,

ಖಾನಾಪುರದ ನಿಮ್ಮ ನಾದಿನಿ ಪ್ರಮಿಳಾ ಬರೆಯುತ್ತಿದ್ದೇನೆ. ನೀಲಾಳ ಎರಡೂ ಕೆನ್ನೆಗೆ ಅವಳ ಅತ್ತಿಯ ಮುತ್ತು. ಮೊಣಕಾಲು ನೋವು ಬಿಟ್ಟರೆ ಅವ್ವ ಆರಾಮ ಇದ್ದಾಳೆ.

ಹೋದ ಸೋಮವಾರ ಫಕೀರವ್ವ ಬಂದು, ಕುದಿಯುತ್ತಿದ್ದ ಅನ್ನ ಬಸಿಯುವುದಕ್ಕೂ ಬಿಡದೆ ನಿಮ್ಮಿಬ್ಬರನ್ನು ಆ ಊರಿನಿಂದ ಎಬ್ಬಿಸಿದಳು. ಕಾರಣ ಅವಳಿಗೂ ಗೊತ್ತಿರಲಿಲ್ಲ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ನಾನು ಹೇಳಿದ್ದಕ್ಕೆ ಒಂದು ಮಾತು ಕೇಳದೆ ಹೊರಟಳು, ಅಷ್ಟೆ. ನೀವು ಅವಳ ಕೈಯಲ್ಲಿ ಕಳಿಸಿದ ಚೀಟಿ ಓದಿದೆ. “ನೀಲಾ ಈಗಷ್ಟ ನಗಾಕ ಚಾಲೂ ಮಾಡಿದ್ಲು ಪ್ರಮಿಳಕ್ಕ, ಮತ್ತ ಯಾಕ ಕಿತ್ತಿದ್ರಿ?” ಎಂದು ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರವನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ನಾನು ನಿಮಗೆ ಹೇಳದೆ ಉಳಿಸಿಕೊಂಡಿದ್ದು ಬಹಳ ಇದೆ. ಮುಂದೆ ಹೇಳಲು ಸಿಗುತ್ತದೋ ಇಲ್ಲವೋ. ನೀಲಾ ಆಡಲು ಹೊರಗೆ ಹೋದಾಗ ಓದಿ.

ಎರಡು ವರ್ಷದ ಹಿಂದೆ, ದಸರೆ ಮುಗಿದ ಮೇಲೆ, ನಾನು ಶಿವಬಸವ ನಗರದ ನಿಮ್ಮ ಮನೆಗೆ ಬಂದಿದ್ದೆನಲ್ಲ. ಅಣ್ಣ ಫೋನಿನಲ್ಲಿ ಯಾರದೋ ವಿಡಿಯೋ ಹಚ್ಚಿಕೊಂಡು ಕೂತಿದ್ದ. ಸಾಮಾನು ಕಡಿಮೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ಅದರಲ್ಲಿ ಒಬ್ಬಳು ಹೇಳುತ್ತಿದ್ದಳು. “ಪ್ರಮಿಳಾ, ಮೂರು ಮಂದಿ ಇರೂ ಮನ್ಯಾಗ ಹನ್ನೊಂದು ಚಮಚೆ ಯಾಕ ಬೇಕು ಹೇಳು?” ಎಂದು ಅಣ್ಣ ಕೇಳಿದ. ನನಗೆ ನಗು ಬಂತು. ಉದ್ಯಮಬಾಗದ ಫೌಂಡ್ರಿಯಲ್ಲಿ ಹದಿನೆಂಟು ವರ್ಷ ಕಬ್ಬಿಣದ ನಡುವೆ ನಿಂತು ಕೆಲಸ ಮಾಡಿದವನು, ಈಗ ಚಮಚೆ ಎಣಿಸುತ್ತಿದ್ದಾನಲ್ಲ ಎಂದು. ಮೊದಲ ರವಿವಾರ ಅವನು ತನ್ನ ಹಳೆಯ ಅಂಗಿಗಳನ್ನು, ತುಕ್ಕು ಹಿಡಿದ ಸೈಕಲ್ಲನ್ನು, ಸುಟ್ಟ ಮಿಕ್ಸರನ್ನು ಹಳೆಯ ಸಾಮಾನು ಕೊಳ್ಳುವ ಭಂಗಾರದವನಿಗೆ ಕೊಟ್ಟ. ಎರಡನೆಯ ರವಿವಾರ ಅಟ್ಟ ಖಾಲಿಯಾಯಿತು. ಸುಳ್ಳು ಯಾಕೆ ಹೇಳಲಿ, ಮನೆ ನಿಜವಾಗಿ ಚಂದ ಕಾಣುತ್ತಿತ್ತು. ಮುಂಜಾನೆಯ ಬಿಸಿಲು ಪಡಸಾಲೆಯ ತುಂಬ ಬೀಳುತ್ತಿತ್ತು, ನೀಲಾ ಅದರಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು. ನಾನು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದೆ, “ನಮ್ಮಣ್ಣನ ಕಡೆಯಿಂದ ಕಲೀರಿ” ಎಂದು ಬರೆದೆ. ಖಾಲಿ ಬಾಟಲಿ, ಹಳೆಯ ಲಗ್ನಪತ್ರಿಕೆ, ರಬ್ಬರ್ ಬ್ಯಾಂಡು, ಏನನ್ನೂ ಬಿಸಾಡದ ನನಗೆ ಆ ಮನೆ ನೋಡಿ ಹೊಟ್ಟೆಕಿಚ್ಚೂ ಆಗಿತ್ತು.

ಆಮೇಲೆ ಚೀಲದ ನೇಮ ಶುರುವಾಯಿತು. ಪ್ರತಿ ರವಿವಾರ ನಾಷ್ಟಾ ಆದಮೇಲೆ ಅಣ್ಣ ಗೋಣಿಚೀಲವೊಂದನ್ನು ಪಡಸಾಲೆಯ ನಡುವೆ ಬಾಯಿ ತೆರೆದು ಇಡುತ್ತಿದ್ದ. ಚೀಲ ತುಂಬುವವರೆಗೆ ಯಾರೂ ಏಳುವ ಹಾಗಿಲ್ಲ. ಅವನ ಸಾಮಾನು ಮೊದಲೇ ಅಷ್ಟಕ್ಕಷ್ಟೆ, ಮೂರೇ ವಾರದಲ್ಲಿ ಮುಗಿಯಿತು. ಚೀಲ ಮಾತ್ರ ತುಂಬಬೇಕಿತ್ತು. ನಿಮ್ಮ ಲಗ್ನದ ಭಾಂಡೆ ಪಾತ್ರೆ ಹೋದವು. ನಿಮ್ಮ ತಾಯಿ ಹೊಲಿದು ಕೊಟ್ಟ ನಾಲ್ಕು ಕೌದಿ ಹೋದವು. ಬಂದವರಿಗೆ ಇಡುವ ತಾಟುಗಳು ಹೋದವು. “ಯಾರ ಬರ್ತಾರ ನಮ್ಮ ಮನಿಗೆ?” ಎಂದ. ಉಣ್ಣಲು ತಾಟಿಲ್ಲದ, ಮಲಗಲು ಹಾಸಿಗೆಯಿಲ್ಲದ ಮನೆಗೆ ನಿಮ್ಮ ತವರಿನವರು ಬರುವುದು ನಿಂತೇ ಹೋಯಿತು. ಆಮೇಲೆ ಒಂದು ಮನೆಗೆ ಒಂದು ಫೋನು ಸಾಕು ಎಂದು ನಿಮ್ಮ ಫೋನು ಮಾರಿದ. ಅಂದಿನಿಂದ ನಿಮ್ಮ ಜೊತೆ ಮಾತಾಡಬೇಕೆಂದರೆ ನಾನು ಅವನಿಗೇ ಫೋನು ಮಾಡಬೇಕಾಯಿತು. “ಆಕಿ ಕೆಲಸದಾಗ ಅದಾಳ” ಎನ್ನುತ್ತಿದ್ದ. ನಾನು ನಂಬುತ್ತಿದ್ದೆ.

ಹೊಲಿಗೆ ಮಷೀನಿನ ದಿನ ನಿಮಗೆ ಮರೆತಿರಲಾರದು. ನನಗಂತೂ ಮರೆತಿಲ್ಲ. ನೀವು ಓಣಿಯ ಹೆಂಗಸರಿಗೆಲ್ಲ ಜಂಪರ್ ಹೊಲಿದು ಕೊಡುತ್ತಿದ್ದಿರಿ, ಹಬ್ಬ ಬಂದರೆ ಬಾಗಿಲಲ್ಲಿ ಅವರು ಪಾಳಿ ಹಚ್ಚಿ ನಿಂತಿರುತ್ತಿದ್ದರು. ಅಣ್ಣ ನನಗೆ ಫೋನು ಮಾಡಿ, “ನೇತ್ರಾಗ ಬ್ಯಾಡಾಗೈತಿ, ನೀ ತಗೊಂಡ್ ಹೋಗು” ಎಂದ. ನಾನು ಗಾಡಿ ಮಾಡಿಕೊಂಡೇ ಬಂದೆ. ನೀವು ಬಾಗಿಲ ಹತ್ತಿರ ನಿಂತಿದ್ದಿರಿ. ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. “ಸೂಜಿ ಬದಲಿ ಮಾಡ್ರಿ ಪ್ರಮಿಳಕ್ಕ, ಅದರ ಮೊನಿ ಹೋಗೇತಿ” ಎಂದಷ್ಟೇ ಹೇಳಿದಿರಿ. ಅಣ್ಣ ಅಲ್ಲೇ ಗೋಡೆಗೆ ಆತು ನಿಂತು ನಿಮ್ಮ ಮುಖವನ್ನೇ ನೋಡುತ್ತಿದ್ದ. ಆ ನೋಟವನ್ನು ನಾನು ಮೊದಲೇ ಕಂಡಿದ್ದೆ ವೈನಿ. ಕಂಡೂ ಮಷೀನು ಗಾಡಿಗೆ ಏರಿಸಿದೆ.

ಇದನ್ನು ನಿಮಗೆ ಲಗ್ನಕ್ಕೆ ಮೊದಲೇ ಹೇಳಬೇಕಿತ್ತು. ನನಗೆ ಎಂಟು ವರ್ಷ, ಅಣ್ಣನಿಗೆ ಹದಿಮೂರು. ಅಪ್ಪ ಆಡು ಕಾಯುತ್ತಿದ್ದ ದಿನಗಳು. ತಾಯಿ ಸತ್ತ ಒಂದು ಮರಿಗೆ ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದೆ. ಒಂದು ದಿನ ಶಾಲೆಯಿಂದ ಬಂದರೆ ಮರಿ ಇರಲಿಲ್ಲ. ಅಣ್ಣ ಅದನ್ನು ಅಡವಿಯ ಅಂಚಿಗೆ ಒಯ್ದು ಹಗ್ಗ ಬಿಚ್ಚಿ ಬಂದಿದ್ದ. ಹೊಡೆದಿರಲಿಲ್ಲ, ಬೈದಿರಲಿಲ್ಲ, ಸಿಟ್ಟೂ ಇರಲಿಲ್ಲ. ಊಟಕ್ಕೆ ಕೂತಾಗ ನನ್ನೆದುರು ಕೂತು, “ಹುಡಕಾಕ ಹೋಗೂದಿಲ್ಲೇನು?” ಎಂದು ಕೇಳಿದ. ನಾನು ಅಳುವುದನ್ನು ಕೊನೆಯವರೆಗೂ ನೋಡಿದ. ಆಮೇಲೆ ಕೈತೊಳೆದು ಎದ್ದ. ಅಂದಿನಿಂದ ನನಗೆ ಯಾವುದು ಬೇಕೋ ಅದರ ಕಡೆ ಅವನ ಮುಂದೆ ನಾನು ನೋಡುತ್ತಿರಲಿಲ್ಲ. ಅದನ್ನೊಂದು ಅಭ್ಯಾಸ ಮಾಡಿಕೊಂಡೆ, ಆಮೇಲೆ ಮರೆತೂಬಿಟ್ಟೆ. ನಿಮ್ಮನ್ನು ನೋಡಲು ಬಂದ ದಿನ ನಿಮ್ಮ ತಾಯಿ ನನ್ನನ್ನು ಒಳಗೆ ಕರೆದು, “ಹುಡುಗನ ಸ್ವಭಾವ ಹ್ಯಾಂಗ ಐತಿ ತಂಗಿ, ಖರೇ ಹೇಳು” ಎಂದು ಕೇಳಿದ್ದರು. “ನಮ್ಮಣ್ಣ ಯಾರ ಮ್ಯಾಲೂ ಕೈ ಎತ್ತಾಂವ ಅಲ್ರಿ” ಎಂದೆ. ಆ ಮಾತು ಖರೇನೇ. ಇವತ್ತಿಗೂ ಅವನು ನಿಮ್ಮ ಮೇಲೆ ಕೈ ಎತ್ತಿಲ್ಲ. ನಿಮ್ಮ ತಾಯಿಗೆ ನಾನು ಹೇಳದೆ ಬಿಟ್ಟಿದ್ದು ಉಳಿದದ್ದನ್ನು.

ಈ ವರ್ಷದ ಮೇ ತಿಂಗಳಲ್ಲಿ ಮಾವಿನಹಣ್ಣು ತಗೊಂಡು ಬಂದೆನಲ್ಲ, ಆಗ ನನ್ನ ಕಣ್ಣು ತೆರೆಯಿತು. ಪಡಸಾಲೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಕನ್ನಡಿ ಇದ್ದಲ್ಲಿ ಮೊಳೆ ಉಳಿದಿತ್ತು. ಮಲಗುವ ಕೋಣೆಯ ಬಾಗಿಲಿಗೆ, ಬಚ್ಚಲಿನ ಬಾಗಿಲಿಗೆ, ಒಳಗಿನ ಚಿಲಕ ಬಿಚ್ಚಿ ತೂತು ಕಾಣುತ್ತಿದ್ದವು. ಕೇಳಿದರೆ ಅಣ್ಣ ನಕ್ಕ. “ಮೂರ ಮಂದ್ಯಾಗ ಚಿಲಕ ಯಾಕ ಬೇಕು?” ಎಂದ. ನಿಮ್ಮ ಹತ್ತನೆಯ ತರಗತಿಯ ಅಂಕಪಟ್ಟಿ, ಟೇಲರಿಂಗ್ ಪ್ರಮಾಣಪತ್ರ, ಎಲ್ಲವನ್ನೂ ಫೋಟೋ ತೆಗೆದು ಫೋನಿನಲ್ಲಿಟ್ಟು ಕಾಗದ ಸುಟ್ಟಿದ್ದನಂತೆ. ಫೋನು ಅವನದು. ನೀವು ಅಡಿಗೆಮನೆಯಲ್ಲಿ ಒಂದೇ ಪಾತ್ರೆಯಲ್ಲಿ ಅನ್ನ ಮಾಡಿ ತೆಗೆದಿಟ್ಟು, ಅದನ್ನೇ ತೊಳೆದು ಸಾರಿಗೆ ಇಡುತ್ತಿದ್ದಿರಿ. ನಾನು ಹಣ್ಣು ಹೆಚ್ಚಲು ಈಳಿಗೆ ಹುಡುಕುತ್ತಿದ್ದಾಗ ನೀಲಾ ನನ್ನ ಸೆರಗು ಎಳೆದು ಕಿವಿಯಲ್ಲಿ ಕೇಳಿದಳು: “ಅತ್ತಿ, ಸಾಮಾನೆಲ್ಲಾ ಮುಗದ್ವು. ಬರೂ ಐತವಾರ ಪಪ್ಪಾ ಚೀಲದಾಗ ಏನ್ ಹಾಕ್ತಾನ?”

ಒಂಬತ್ತು ವರ್ಷದ ಕೂಸು. ಅವಳ ಕೈಗೆ ಒಂದು ಮಾವಿನಹಣ್ಣು ಇಟ್ಟೆ.

ಹದಿನೈದು ದಿನ ಕಳೆದಮೇಲೆ ಅಣ್ಣನೇ ಫೋನು ಮಾಡಿ ಸಂತೋಷದಿಂದ ಹೇಳಿದ. ಕೆಲಸ ಬಿಟ್ಟಿದ್ದಾನೆ. ಬೆಳಗಾವಿಯ ಮನೆ ಬಿಡುತ್ತಿದ್ದಾನೆ. ಜಾಂಬೋಟಿಯ ಆಚೆ, ಗದ್ದೆ ಮುಗಿದು ಅಡವಿ ಹತ್ತುವಲ್ಲಿ, ಸೋಮಲಿಂಗ ಎಂಬ ಗೆಳೆಯನ ಹೊಲದಲ್ಲಿ ಒಂದು ಕೋಣೆ ಇದೆ, ಅಲ್ಲಿ ಇರುತ್ತಾರೆ. ಕರೆಂಟಿಲ್ಲ, ಫೋನಿನ ಸಿಗ್ನಲ್ಲಿಲ್ಲ, ಅದೇ ಚಲೋ. “ನೀಲಾನ ಸಾಲಿ?” ಎಂದೆ. “ಅದೂ ಒಂದ ಭಾರನ. ನಾನ ಕಲಸ್ತೀನಿ” ಎಂದ. ಆ ಕಡೆಯ ಮಳೆ ನನಗೆ ಗೊತ್ತು, ಅಲ್ಲಿಯೇ ಅಲ್ಲವೇ ನಾನು ಹನ್ನೆರಡು ವರ್ಷದಿಂದ ಮಾಸ್ತರಿಕೆ ಮಾಡುತ್ತಿರುವುದು. ಆಷಾಢದಲ್ಲಿ ಹಳ್ಳ ಬಂದರೆ ನಾಲ್ಕು ನಾಲ್ಕು ದಿನ ಆಚೆಯ ಮಕ್ಕಳು ಶಾಲೆಗೆ ಬರುವುದಿಲ್ಲ.

ಮರುದಿನ ಶಾಲೆ ಬಿಟ್ಟಮೇಲೆ ಫಕೀರವ್ವನನ್ನು ಕರೆದುಕೊಂಡು ಆ ಕೋಣೆ ನೋಡಲು ಹೋದೆ. ನಿಮಗೆ ಇದನ್ನು ಇವತ್ತಿನವರೆಗೆ ಹೇಳಿಲ್ಲ. ಮಣ್ಣಿನ ಗೋಡೆ, ತಗಡಿನ ಸೂರು, ಒಂದು ಬಾಗಿಲು. ಕಿಟಕಿ ಇದ್ದಲ್ಲಿ ಇಟ್ಟಂಗಿ ಕಟ್ಟಿ ಮುಚ್ಚಿದ್ದರು, ಸಿಮೆಂಟು ಇನ್ನೂ ಹಸಿ. ಬಾಗಿಲಿಗೆ ಹೊರಗಡೆ ಹೊಸ ಚಿಲಕ ಹೊಳೆಯುತ್ತಿತ್ತು. ಒಳಗಡೆ ಚಿಲಕವೇ ಇರಲಿಲ್ಲ. ನೆಲದ ಮೇಲೆ ಎರಡು ಚಾಪೆ, ಎರಡು ತಾಟು, ಎರಡು ತಂಬಿಗೆ ಒಂದರ ಪಕ್ಕ ಒಂದು ಜೋಡಿಸಿದ್ದವು. ಗದ್ದೆಯಲ್ಲಿದ್ದ ಸೋಮಲಿಂಗ ನಮ್ಮನ್ನು ಕಂಡು ಹತ್ತಿರ ಬಂದ. ಪಾಪದ ಮನುಷ್ಯ, ಕೇಳದೆಯೇ ಹೇಳಿದ. “ಮೂರ ಮಂದಿಗೆ ಎರಡ ತಾಟ ಯಾಕ್ರಿ ಅಂತ ನಾನೂ ಕೇಳಿದ್ನಿ ಅಕ್ಕಾರ. ಮುಂದ ಎರಡ ಸಾಕಾಗ್ತಾವ ಅಂದ್ರು.”

ವಾಪಸು ಬರುವಾಗ ಬಸ್ಸಿನಲ್ಲಿ ಫಕೀರವ್ವ ನನ್ನ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ಖಾನಾಪುರ ಬರುವವರೆಗೆ ಬಿಡಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ಎಲ್ಲ ಹೇಳಿದೆ. ಅವ್ವ ಅವನನ್ನು ಹೆತ್ತವಳು, ನನ್ನ ಮೇಲೆ ಹಾಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಾಲು ನೀವಿಕೊಳ್ಳುತ್ತ, “ಅಂವ ನನ್ನ ಮಗ. ನನಗ ಗೊತ್ತಿಲ್ಲೇನು? ಹೋಗು, ಆ ಎರಡ ಹೆಣ್ಣ ಜೀವಾ ಕರಕೊಂಡ್ ಬಾ. ನಮ್ಮ ಮನಿಗೆ ಮಾತ್ರ ತರಬ್ಯಾಡ” ಎಂದಳು.

ನಿಮ್ಮನ್ನು ಕರೆದೊಯ್ಯಲು ನಾನು ಬಂದ ಗುರುವಾರ ಅಣ್ಣ ಉಳಿದ ನಾಲ್ಕು ಸಾಮಾನನ್ನು ಟೆಂಪೋದಲ್ಲಿ ಹಾಕಿಕೊಂಡು ಜಾಂಬೋಟಿಗೆ ಹೋಗಿದ್ದ. “ಚಪ್ಪಲಿ ಹಾಕ್ಕೊಳ್ರಿ, ಹೋಗೂಣು” ಎಂದೆ. ನೀವು ಎಲ್ಲಿಗೆ ಎಂದು ಕೇಳಲಿಲ್ಲ. ಏನಾದರೂ ತಗೊಳ್ಳುವುದಿದ್ದರೆ ತಗೊಳ್ಳಿ ಎಂದಾಗ ಸುತ್ತ ನೋಡಿದಿರಿ. ತಗೊಳ್ಳಲು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ. ಹದಿನಾಲ್ಕು ವರ್ಷದ ಸಂಸಾರ ಬಿಟ್ಟು ಹೊರಬೀಳಲು ನಮಗೆ ಎರಡು ನಿಮಿಷ ಹಿಡಿಯಲಿಲ್ಲ ವೈನಿ. ಒಂದು ಗಂಟಿಲ್ಲ, ಒಂದು ಚೀಲವಿಲ್ಲ, ಓಣಿಯವರು ಯಾರೂ ತಿರುಗಿಯೂ ನೋಡಲಿಲ್ಲ. ಆಟೋ ಕೋಟೆಯ ಕಂದಕ ದಾಟುವಾಗ ಮಳೆ ಜೋರಾಯಿತು. ನೀಲಾ, “ಪಪ್ಪಾಗ ಹೇಳಿಲ್ಲಲ್ಲ?” ಎಂದಳು. ನೀವು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಿರಿ. ಬಸ್‌ಸ್ಟ್ಯಾಂಡಿನಲ್ಲಿ ಫಕೀರವ್ವ ಟಿಕೆಟ್ ಹಿಡಿದು ನಿಂತಿದ್ದಳು. ಅಲ್ಲಿಂದ ಮುಂದಿನದು ನಿಮಗೆ ಗೊತ್ತು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಅದೇ ಸಂಜೆ ಅಣ್ಣ ನಮ್ಮ ಮನೆಗೆ ಬಂದ. ಕೂಗಾಡುತ್ತಾನೆ ಎಂದು ಅವ್ವ ಬಾಜು ಮನೆಯವರಿಗೆ ಹೇಳಿಟ್ಟಿದ್ದಳು. ಅವನು ಕಾಲು ತೊಳೆದು ಒಳಗೆ ಬಂದ, ರೊಟ್ಟಿ ಪಲ್ಯ ಉಂಡ, ತನ್ನ ತಾಟು ತಾನೇ ತೊಳೆದಿಟ್ಟ. “ಹೋಗ್ಯಾರ” ಎಂದ. ಕೈ ಒರೆಸಿಕೊಳ್ಳುತ್ತ, “ಮನಿ ಹಗುರಾತು” ಎಂದ. ಎಲ್ಲಿಗೆ ಎಂದು ನನ್ನನ್ನು ಕೇಳಲಿಲ್ಲ. ಪೊಲೀಸರಿಗೂ ಹೋಗಲಿಲ್ಲ, ನಿಮ್ಮ ತವರಿಗೂ ಹೋಗಲಿಲ್ಲ. ಠಾಣೆಗೆ ನಾನೇ ಹೋಗಿ ಎಲ್ಲ ಬರೆದುಕೊಟ್ಟೆ. ಅಲ್ಲಿದ್ದ ಹೆಣ್ಣುಮಗಳು ಸಮಾಧಾನದಿಂದಲೇ ಓದಿದಳು. “ಅಕ್ಕಾರ, ಅವರು ಹೊಡದಿದ್ದು, ಬೆದರಿಸಿದ್ದು ಏನರೆ ಐತೇನ್ರಿ? ಮನಿ ಸ್ವಚ್ಛ ಮಾಡಿದ್ದಕ್ಕ ಕೇಸ್ ಹ್ಯಾಂಗ ಹಾಕೂದ್ರಿ?” ಎಂದಳು. ಅರ್ಜಿ ಮಾತ್ರ ತಗೊಂಡಳು.

ಶ್ರಾವಣದಿಂದ ಅವನು ಪ್ರತಿ ರವಿವಾರ ಬರತೊಡಗಿದ. ಬರುವಾಗ ಗೋಣಿಚೀಲ ತರುತ್ತಿದ್ದ. “ಭಾಳ ಸಾಮಾನ ಹಚ್ಚೀದಿ ಪ್ರಮಿಳಾ, ನಾ ಕೈ ಹಚ್ತೀನಿ ತಡಿ” ಎನ್ನುತ್ತಿದ್ದ. ಬೇಡವೆಂದರೆ ಬಾಗಿಲಲ್ಲೇ ನಿಂತಿರುತ್ತಿದ್ದ, ಸಂಜೆಯವರೆಗೂ. ಮೊದಲು ನಿಮ್ಮ ಹೊಲಿಗೆ ಮಷೀನು ಹೋಯಿತು. ನಾನು ಅದನ್ನು ಒಂದು ದಿನವೂ ಬಳಸಿರಲಿಲ್ಲ, ನಿಮಗೆ ವಾಪಸು ಕೊಡಬೇಕೆಂದು ಬಟ್ಟೆ ಹೊದಿಸಿ ಇಟ್ಟಿದ್ದೆ. ಆಮೇಲೆ ಅಪ್ಪನ ಕಂಬಳಿ, ನನ್ನ ಪುಸ್ತಕಗಳು. ನಾನು ಯಾವುದರ ಕಡೆಯೂ ನೋಡುತ್ತಿರಲಿಲ್ಲ. ಎಂಟು ವರ್ಷದವಳಿದ್ದಾಗ ಕಲಿತದ್ದು ಮರೆತಿರಲಿಲ್ಲ. ಆದರೆ ಅವನು ಸಾಮಾನಿಗಾಗಿ ಬರುತ್ತಿರಲಿಲ್ಲ ಎಂಬುದು ನನ್ನ ತಲೆಗೆ ಹೋಗಲು ನಾಲ್ಕು ತಿಂಗಳು ಬೇಕಾಯಿತು.

ನೀಲಾ ದೀಪಾವಳಿಗೆ ನನಗೊಂದು ಕಾಗದ ಕಳಿಸಿದ್ದಳಲ್ಲ, ಹೊಸ ಶಾಲೆಯ ಡೈರಿಯ ಹಾಳೆ ಹರಿದು, ತನ್ನ ಗುಂಡು ಅಕ್ಷರದಲ್ಲಿ ವೇಳಾಪಟ್ಟಿ ಬರೆದು. ಓದಿ ಸುಟ್ಟುಬಿಡಿ ಎಂದು ನೀವು ಹೇಳಿ ಕಳಿಸಿದ್ದಿರಿ. ನನ್ನಿಂದ ಆಗಲಿಲ್ಲ. ಕೂಸಿನ ಅಕ್ಷರ ಹೇಗೆ ಸುಡಲಿ? ಕಪಾಟಿನ ತಳದಲ್ಲಿ, ಹಳೆಯ ಲಗ್ನಪತ್ರಿಕೆಗಳ ಕಟ್ಟಿನ ನಡುವೆ ಇಟ್ಟೆ. ಹೋದ ವಾರದ ಹಿಂದಿನ ರವಿವಾರ ಅಣ್ಣ ಆ ಕಪಾಟಿಗೆ ಕೈ ಹಾಕಿದ. ಕಟ್ಟು ಕಟ್ಟಾಗಿ ತೆಗೆದು, ಒಂದೊಂದನ್ನೂ ಬಿಚ್ಚಿ ನೋಡಿ ಚೀಲಕ್ಕೆ ಹಾಕಿದ. ನಾನು ಚಹಾ ಮಾಡುತ್ತಿದ್ದೆ. ಕಪ್ಪು ಕೈಗೆ ಕೊಟ್ಟಾಗ ತಲೆ ಎತ್ತದೆ ಹೇಳಿದ. “ನೀಲಾಗ ಮಂಗಳವಾರ ಮೊದಲನೇ ಪಿರಿಯಡ್ ಗಣಿತ ಇಟ್ಟಾರ. ಚಲೋ ಆತು. ಆಕಿ ಗಣಿತದಾಗ ಕಚ್ಚಾ.”

ಅವನು ಹೋದಮೇಲೆ ನೋಡಿದೆ. ಹಾಳೆ ಕಪಾಟಿನಲ್ಲೇ ಇತ್ತು, ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದ. ಹಾಳೆಯ ಮೇಲ್ಭಾಗದಲ್ಲಿ ಶಾಲೆಯ ಹೆಸರು, ಊರಿನ ಹೆಸರು ಅಚ್ಚಾಗಿದ್ದನ್ನು ನಾನು ಅವತ್ತೇ ಗಮನಿಸಿದ್ದು. ಮರುದಿನ ನಸುಕಿನ ಬಸ್ಸಿಗೆ ಫಕೀರವ್ವ ನಿಮ್ಮ ಕಡೆ ಹೊರಟಳು. ನಿಮ್ಮನ್ನು ಎಬ್ಬಿಸಿದ್ದಕ್ಕೆ ಕಾರಣ ಇದು. ತಪ್ಪು ನನ್ನದು. ಬಿಸಾಡಲಾರದ ಒಂದು ಕಾಗದದಿಂದ ನಾನು ಅವನನ್ನು ನಿಮ್ಮ ಬಾಗಿಲಿಗೆ ಕಳಿಸುವವಳಿದ್ದೆ. ಬುಧವಾರ ಅವನು ಮತ್ತೆ ಬಂದು, ಚಪ್ಪಲಿ ಬಿಡುತ್ತಲೇ ಅಂದ: “ಗಣಿತದ ಪಿರಿಯಡ್ಡಿಗೆ ಆಕಿ ಇರ್ಲಿಲ್ಲ.”

ಈಗ ಅವನು ಖಾನಾಪುರದಲ್ಲೇ ಇದ್ದಾನೆ. ನಮ್ಮ ಮನೆಯ ಎದುರಿನ ಮಾಳಿಗೆಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಾನೆ. ನಾನು ಬಾಗಿಲಿಗೆ ನೀರು ಹಾಕುವಾಗ ಕಿಟಕಿಯಲ್ಲಿ ಇರುತ್ತಾನೆ. ಬಸ್ಸಿಗೆ ಹೋಗುವಾಗ ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಾನೆ. ಮಕ್ಕಳಿಗೆ ಕಾಪಿ ಬರೆಯಲು ಹಚ್ಚಿ, ಈ ಪತ್ರವನ್ನು ಶಾಲೆಯಲ್ಲೇ ಕೂತು ಬರೆಯುತ್ತಿದ್ದೇನೆ, ಅವನು ಗೇಟಿನ ಆಚೆ ಕಟ್ಟೆಯ ಮೇಲೆ ಕೂತಿದ್ದಾನೆ. ಫಕೀರವ್ವನ ಮೇಲೆ ಅವನ ಕಣ್ಣು ಇನ್ನೂ ಬಿದ್ದಿಲ್ಲ. ಬೀಳುವ ಮೊದಲು ಅವಳೂ ನಿಮ್ಮ ಕಡೆ ಬರುವುದನ್ನು ನಿಲ್ಲಿಸಬೇಕು. ಈ ಪತ್ರ ತಂದದ್ದೇ ಅವಳ ಕೊನೆಯ ಫೇರಿ.

ಒಂದಲ್ಲ ಒಂದು ದಿನ ನಾನು ನಿಮ್ಮನ್ನು ನೋಡಲು ಹೊರಡುತ್ತೇನೆ ಎಂದು ಅವನು ಕಾಯುತ್ತಿದ್ದಾನೆ. ನಾನು ಹೊರಡುವುದಿಲ್ಲ ವೈನಿ. ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ, ಅಷ್ಟೇ. ಅವನು ನನ್ನ ಹಿಂದೆ ಇರುವಷ್ಟು ದಿನ ನಿಮ್ಮ ಹಿಂದೆ ಇರುವುದಿಲ್ಲ. ಹಾಗೆಂದುಕೊಂಡೇ ಪ್ರತಿ ಮುಂಜಾನೆ ಬಾಗಿಲು ತೆರೆಯುತ್ತೇನೆ.

ಉತ್ತರ ಬರೆಯಬೇಡಿ. ಅವ್ವ ತೀರಿಕೊಂಡಳು ಎಂಬ ಸುದ್ದಿ ಬಂದರೂ ಬರಬೇಡಿ, ಇದನ್ನು ಅವ್ವನೇ ಹೇಳಲು ಹೇಳಿದ್ದಾಳೆ. ನಾನು ಹೋದೆ ಎಂಬ ಸುದ್ದಿ ಬಂದರೆ, ಹೇಗೆ ಏನು ಎಂದು ಯಾರನ್ನೂ ಕೇಳದೆ, ಅವತ್ತೇ ಆ ಊರನ್ನೂ ಬಿಡಿ.

ನಿಮ್ಮ ಮನೆ ಭಾಂಡೆ, ಬಟ್ಟೆ, ಮಂದಿಯಿಂದ ತುಂಬಿ ಕಾಲಿಡಲು ಜಾಗವಿಲ್ಲದಂತಾಗಲಿ, ತಾಯಿ ಮಗಳಿಬ್ಬರ ಆಯುಷ್ಯ ಗಟ್ಟಿ ಇರಲಿ ಎಂದು ಬೇಡುತ್ತ,

ನಿಮ್ಮ ನಾದಿನಿ,
ಪ್ರಮಿಳಾ